ಮಂದ್ರ ನುಂಗುವ ಪೆಡಲ್: ಬೇಸ್ ವಾದಕರು ಕೊಳ್ಳುವ ಮುನ್ನ

ವಿಡಿಯೊದಲ್ಲಿ ಕೇಳಿದಾಗ ಮೈ ಜುಮ್ಮೆನ್ನಿಸಿದ ಪೆಡಲ್ ಅದು. ದುಡ್ಡು ಕೂಡಿಸಿ ತರಿಸಿಕೊಂಡು ಮನೆಯಲ್ಲಿ ಒಬ್ಬರೇ ನುಡಿಸಿದಾಗಲೂ ಚೆನ್ನಾಗಿಯೇ ಇರುತ್ತದೆ. ಆದರೆ ಬ್ಯಾಂಡಿನ ಜೊತೆ ಪ್ರಾಕ್ಟೀಸ್‌ಗೆ ಕೂತು, ಹಾಡಿನ ಮಧ್ಯೆ ಕಾಲಿನಿಂದ ಒತ್ತಿದ ಕ್ಷಣವೇ ಬೇಸ್ ಗಿಟಾರ್ ಇದ್ದ ಜಾಗ ಖಾಲಿಯಾಗುತ್ತದೆ. ಸದ್ದು ಹೆಚ್ಚಾಗಿರುತ್ತದೆ, ತೂಕ ಮಾತ್ರ ಇರುವುದಿಲ್ಲ. ನಾಲ್ಕು ವಾರ ನಾಬ್‌ಗಳನ್ನು ತಿರುಗಿಸಿ ನೋಡಿ, ಕೊನೆಗೆ ಪೆಡಲ್ ತನ್ನ ಡಬ್ಬಿಗೆ ಮರಳುತ್ತದೆ, ಇಲ್ಲವೇ ಅರ್ಧ ಬೆಲೆಗೆ ಮಾರಾಟವಾಗುತ್ತದೆ.

ಬೇಸ್ ವಾದಕರ ಈ ನಿರಾಸೆಗೆ ಬಹುತೇಕ ಸಲ ಪೆಡಲ್‌ನ ಗುಣಮಟ್ಟ ಕಾರಣವಲ್ಲ. ಆ ಸರ್ಕ್ಯೂಟ್‌ಗೂ ಬೇಸ್ ಮಾಡಬೇಕಾದ ಕೆಲಸಕ್ಕೂ ಹೊಂದಾಣಿಕೆ ಆಗದಿರುವುದೇ ಕಾರಣ. ಆ ಹೊಂದಾಣಿಕೆಯನ್ನು ಕೊಳ್ಳುವ ಮೊದಲೇ ಅಳೆಯಬಹುದು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಪೆಡಲ್ ಏನನ್ನು ಸೇರಿಸುತ್ತದೆ ಎಂದು ನೋಡುವ ಮೊದಲು ಏನನ್ನು ಕಳೆಯುತ್ತದೆ ಎಂದು ಕೇಳಿಕೊಳ್ಳುವ ಅಭ್ಯಾಸ ಇದ್ದರೆ ಸಾಕು.

ಎಲ್ಲವೂ 41 ಹರ್ಟ್ಸ್‌ನಿಂದ ಶುರು

ನಾಲ್ಕು ತಂತಿಯ ಬೇಸ್‌ನಲ್ಲಿ ಅತ್ಯಂತ ಕೆಳಗಿನ ಇ ತಂತಿಯನ್ನು ಬಿಟ್ಟು ಮೀಟಿದರೆ ಅದರ ಮೂಲಸ್ವರ ಸುಮಾರು 41.2 ಹರ್ಟ್ಸ್. ಎ ತಂತಿ 55, ಡಿ ತಂತಿ 73.4, ಜಿ ತಂತಿ 98. ಐದು ತಂತಿಯ ಬೇಸ್‌ನ ಬಿ ತಂತಿ ಇನ್ನೂ ಕೆಳಗೆ, ಸುಮಾರು 30.9 ಹರ್ಟ್ಸ್. ಸಾಮಾನ್ಯ ಗಿಟಾರ್‌ನ ಅತಿ ಕೆಳಗಿನ ತಂತಿ 82.4 ಹರ್ಟ್ಸ್, ಅಂದರೆ ಬೇಸ್‌ನ ಇ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ.

ಪೆಡಲ್‌ಗಳ ಚರಿತ್ರೆಯ ಬಹುಭಾಗ ಗಿಟಾರ್‌ಗಾಗಿಯೇ ಬೆಳೆದದ್ದು. ಗಿಟಾರ್ ಪೆಡಲ್ ವಿನ್ಯಾಸ ಮಾಡುವವರಿಗೆ 82 ಹರ್ಟ್ಸ್‌ಗಿಂತ ಕೆಳಗೆ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಪೆಡಲ್‌ನ ಒಳಗೆ ಸಿಗ್ನಲ್ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಒಂದು ಕೆಪಾಸಿಟರ್ ಇರುತ್ತದೆ. ಅದು ಮುಂದಿನ ಹಂತದ ರೆಸಿಸ್ಟರ್ ಜೊತೆ ಸೇರಿ, ಒಂದು ಗಡಿಗಿಂತ ಕೆಳಗಿನ ಧ್ವನಿಯನ್ನು ಸೋಸಿಬಿಡುತ್ತದೆ. ಉದಾಹರಣೆಗೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗೆ 100 ಕಿಲೊಓಮ್ ರೆಸಿಸ್ಟರ್ ಜೊತೆಯಾದರೆ ಆ ಗಡಿ ಸುಮಾರು 159 ಹರ್ಟ್ಸ್. ಅಲ್ಲಿ ಗಿಟಾರ್‌ನ ಕೆಳತಂತಿಯ ಮೂಲಸ್ವರ ಅರ್ಧಕ್ಕಿಂತ ತುಸು ಕಡಿಮೆಯಾಗುತ್ತದೆ. ಬೇಸ್‌ನ ಇ ತಂತಿಯ ಮೂಲಸ್ವರ ಕಾಲು ಭಾಗಕ್ಕೆ ಇಳಿಯುತ್ತದೆ. ಕೆಪಾಸಿಟರ್ ಹತ್ತು ಪಟ್ಟು ದೊಡ್ಡದಾದರೆ ಗಡಿ 16 ಹರ್ಟ್ಸ್‌ಗೆ ಸರಿದು ಬೇಸ್ ಬಹುತೇಕ ಪೂರ್ತಿ ಉಳಿಯುತ್ತದೆ. ಕೆಲವೇ ರೂಪಾಯಿಯ ಒಂದು ಬಿಡಿಭಾಗ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ. ಇಂಥ ಎರಡು ಮೂರು ಹಂತಗಳು ಸಾಲಾಗಿ ಬಂದರೆ ಕಳೆದುಹೋಗುವುದೂ ಅಷ್ಟಷ್ಟೇ ಹೆಚ್ಚುತ್ತದೆ.

ಓವರ್‌ಡ್ರೈವ್ ಮತ್ತು ಫಝ್: ಅತಿ ಹೆಚ್ಚು ನಿರಾಸೆ ಇಲ್ಲಿಯೇ

ಇಬಾನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಜಗತ್ತಿನ ಅತಿ ಪ್ರಸಿದ್ಧ ಓವರ್‌ಡ್ರೈವ್‌ಗಳಲ್ಲಿ ಒಂದು. ಅದರೊಳಗೆ ಧ್ವನಿಯನ್ನು ಒಡೆಯುವ ಹಂತದಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಕ್ಕೆ ಇಳಿದಂತೆಲ್ಲ ಗೇನ್ ಕಡಿಮೆಯಾಗುತ್ತಾ ಹೋಗುವಂತೆ ಬೇಕೆಂದೇ ಮಾಡಿದ್ದಾರೆ. ಗಿಟಾರ್‌ಗೆ ಇದು ಒಳ್ಳೆಯ ವಿನ್ಯಾಸ. ಕೆಳಗಿನ ಧ್ವನಿ ಹೆಚ್ಚು ಒಡೆದರೆ ಕಾರ್ಡ್‌ಗಳು ಕಲಸಿಹೋಗುತ್ತವೆ. ಅದನ್ನು ತಗ್ಗಿಸಿದರೆ ಗಿಟಾರ್ ಸ್ಪಷ್ಟವಾಗುತ್ತದೆ, ಜೊತೆಗೆ ಕೆಳಗಿನ ಜಾಗವನ್ನು ಬೇಸ್‌ಗೆ ಬಿಟ್ಟುಕೊಡುತ್ತದೆ. ಅದೇ ಪೆಡಲ್‌ಗೆ ಬೇಸ್ ಚುಚ್ಚಿದರೆ, ನಮಗಾಗಿ ಬಿಟ್ಟ ಜಾಗದಿಂದ ನಾವೇ ಹೊರಗೆ ಬಂದಂತಾಗುತ್ತದೆ.

ಕೆಪಾಸಿಟರ್‌ಗಳನ್ನು ಸರಿಪಡಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಡಿಸ್ಟಾರ್ಷನ್ ಎಂದರೆ ಅಲೆಯ ನೆತ್ತಿಯನ್ನು ಕತ್ತರಿಸುವುದು. ಬೇಸ್‌ನ ಅಲೆಯಲ್ಲಿ ಅತಿ ಎತ್ತರಕ್ಕೆ ಏರುವುದು ಮಂದ್ರದ ಭಾಗವೇ, ಆದ್ದರಿಂದ ಕತ್ತರಿ ಮೊದಲು ಬೀಳುವುದೂ ಅದರ ಮೇಲೆಯೇ. ಕತ್ತರಿಸಿದ ಅಲೆಯಿಂದ ಹೊಸ ಹಾರ್ಮೋನಿಕ್ಸ್ ಹುಟ್ಟಿ, ಮೂಲಸ್ವರದ 2, 3, 4, 5 ಪಟ್ಟು ಎತ್ತರದಲ್ಲಿ ಸದ್ದು ತುಂಬುತ್ತದೆ. ಕಿವಿಗೆ ಅವು ಜೋರಾಗಿ ಕೇಳುವುದರಿಂದ ಒಟ್ಟು ಸದ್ದನ್ನು ಸರಿದೂಗಿಸಲು ನಾವು ಲೆವೆಲ್ ಇಳಿಸುತ್ತೇವೆ. ಆಗ ಮೂಲಸ್ವರ ಇನ್ನಷ್ಟು ಹಿಂದೆ ಸರಿಯುತ್ತದೆ. ಬೆರಳು ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ಮಟ್ಟದ ಸದ್ದು ಬರುವುದರಿಂದ, ಡ್ರಮ್ಮಿನ ಕಿಕ್ ಜೊತೆ ಬೇಸ್ ಸೇರಿ ಕೊಡುವ ಏಟೂ ಮಂಕಾಗುತ್ತದೆ.

ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸ್ಟುಡಿಯೊದಲ್ಲಿ ಸಿಕ್ಕಿತ್ತು. ಬೀಟಲ್ಸ್‌ನ 1965ರ ‘ರಬ್ಬರ್ ಸೋಲ್’ ಆಲ್ಬಮ್‌ನಲ್ಲಿ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಎಂಬ ಹಾಡಿದೆ. ಅದರಲ್ಲಿ ಪಾಲ್ ಮೆಕಾರ್ಟ್ನಿ ಫಝ್ ಹಾಕಿದ ಬೇಸ್ ನುಡಿಸಿದ್ದಾರೆ, ಅದರ ಜೊತೆಯಲ್ಲೇ ಸಾದಾ ಬೇಸ್ ಕೂಡ ಪ್ರತ್ಯೇಕವಾಗಿ ಇದೆ. ಸಾದಾ ಬೇಸ್ ತಳವನ್ನು ಹಿಡಿದುಕೊಂಡಿದ್ದರಿಂದ ಫಝ್‌ಗೆ ಮೇಲೆ ಗರ್ಜಿಸುವ ಸ್ವಾತಂತ್ರ್ಯ ಸಿಕ್ಕಿತು.

ಇಂದಿನ ಬೇಸ್ ಪೆಡಲ್‌ಗಳಲ್ಲಿ ಈ ಎರಡು ದಾರಿಯ ವ್ಯವಸ್ಥೆ ಒಂದೇ ಡಬ್ಬಿಯೊಳಗೆ ಇರುತ್ತದೆ. ಒಳಬಂದ ಸಿಗ್ನಲ್ ಕವಲೊಡೆದು ಒಂದು ಭಾಗ ಡಿಸ್ಟಾರ್ಷನ್ ಮೂಲಕ, ಇನ್ನೊಂದು ಭಾಗ ಕ್ಲೀನ್ ಆಗಿಯೇ ಸಾಗಿ ಕೊನೆಯಲ್ಲಿ ಬೆರೆಯುತ್ತವೆ. ಬಾಸ್ ಕಂಪನಿಯ ಒಡಿಬಿ-3ರಲ್ಲಿ ಈ ನಾಬ್‌ನ ಹೆಸರು ಬ್ಯಾಲೆನ್ಸ್. ಟೆಕ್ 21ರ ಸ್ಯಾನ್ಸ್‌ಆ್ಯಂಪ್ ಬೇಸ್ ಡ್ರೈವರ್ ಡಿಐ ಮತ್ತು ಫಿನ್ಲೆಂಡಿನ ಡಾರ್ಕ್‌ಗ್ಲಾಸ್ ಕಂಪನಿಯ ಬಿ3ಕೆಯಲ್ಲಿ ಬ್ಲೆಂಡ್. ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಬೇಸ್ ಬಿಗ್ ಮಫ್‌ನಲ್ಲಿ ಕ್ಲೀನ್ ಧ್ವನಿಯನ್ನು ಸೇರಿಸಲು ಒಂದು ಡ್ರೈ ಸ್ವಿಚ್ ಇದೆ. ಡಿಸ್ಟಾರ್ಷನ್ ಪೆಡಲ್ ನೋಡುವಾಗ ಮೊದಲು ಹುಡುಕಬೇಕಾದ ಪದಗಳು ಇವೇ: ಬ್ಲೆಂಡ್, ಬ್ಯಾಲೆನ್ಸ್, ಡ್ರೈ, ಮಿಕ್ಸ್. ಡಬ್ಬಿಯ ಮೇಲೆ ‘ಬೇಸ್’ ಎಂದು ಬರೆದಿರುವುದಕ್ಕಿಂತ ಈ ನಾಬ್ ಇರುವುದು ಹೆಚ್ಚು ನಂಬಿಕೆಗೆ ಅರ್ಹ.

ಬ್ಲೆಂಡ್ ಇದ್ದೂ ಧ್ವನಿ ತೆಳುವಾಯಿತು ಎಂದಾದರೆ ಒಂದು ಕಡೆ ಗಮನ ಹರಿಸಿ. ಕೆಲವು ಸರ್ಕ್ಯೂಟ್‌ಗಳು ಅಲೆಯನ್ನು ತಲೆಕೆಳಗು ಮಾಡಿ ಹೊರಬಿಡುತ್ತವೆ. ತಲೆಕೆಳಗಾದ ಅಲೆಗೆ ನೇರ ಅಲೆ ಸೇರಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ, ಮೊದಲು ಹೋಗುವುದು ಮಂದ್ರವೇ. ಬೇರೆ ಬೇರೆ ಪೆಡಲ್‌ಗಳನ್ನು ಹೊರಗಿನಿಂದ ಬೆರೆಸುವವರಿಗೆ ಈ ತೊಂದರೆ ಹೆಚ್ಚು. ಫೇಸ್ ಸ್ವಿಚ್ ಇರುವ ಬ್ಲೆಂಡರ್ ಅದನ್ನು ಒಂದೇ ಒತ್ತಿಗೆ ಸರಿಪಡಿಸುತ್ತದೆ.

ಆಕ್ಟೇವ್: ಕೆಳಗಿನದಕ್ಕಿಂತ ಕೆಳಗೆ ಏನಿದೆ?

ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಸೇರಿಸುವ ಆಕ್ಟೇವ್ ಪೆಡಲ್ ಬೇಸ್‌ಗೆ ಹೇಳಿ ಮಾಡಿಸಿದ್ದು ಎಂದು ತೋರುತ್ತದೆ. 1982ರಲ್ಲಿ ಬಂದ ಬಾಸ್ ಒಸಿ-2 ಇಂದಿಗೂ ಬೇಸ್ ವಾದಕರು ಹುಡುಕಿ ಕೊಳ್ಳುವ ಪೆಡಲ್. ಆದರೆ ಅದನ್ನು ತಂದವರು ಮೊದಲು ಮೀಟುವುದು ಬಿಟ್ಟ ಇ ತಂತಿಯನ್ನೇ. ಲೆಕ್ಕ ಹಾಕಿ: 41.2ರ ಅರ್ಧ 20.6 ಹರ್ಟ್ಸ್. ಮನುಷ್ಯನ ಕಿವಿ ಕೇಳಬಲ್ಲ ಕೆಳಗಡಿಯೇ ಸುಮಾರು 20. ಹೆಚ್ಚಿನ ಬೇಸ್ ಸ್ಪೀಕರ್‌ಗಳು 40ರ ಆಸುಪಾಸಿನಲ್ಲೇ ಸೋಲಲು ಶುರು ಮಾಡಿರುತ್ತವೆ. ಸ್ಪೀಕರ್ ಕೋನ್ ತೇಕುತ್ತದೆ, ಕಿವಿಗೆ ಸ್ವರ ಬರುವುದಿಲ್ಲ.

ಅದೇ ಇ ತಂತಿಯ 12ನೇ ಫ್ರೆಟ್ ಹಿಡಿದರೆ 82.4 ಹರ್ಟ್ಸ್, ಪೆಡಲ್ ಸೇರಿಸುವ ಸ್ವರ 41.2, ಅಂದರೆ ಬೇಸ್‌ನ ಸಹಜ ತಳ. ಆಕ್ಟೇವ್ ಪೆಡಲ್ ಮೇಲಿನ ಫ್ರೆಟ್‌ಗಳಲ್ಲಿ ನುಡಿಸುವುದಕ್ಕೆ ಇರುವುದು.

ಇನ್ನೊಂದು ದೂರು: ಸ್ವರ ತಡವರಿಸುತ್ತದೆ, ಕೆಲವೊಮ್ಮೆ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ಹಳೆಯ ಮಾದರಿಯ ಆಕ್ಟೇವ್ ಪೆಡಲ್ ಅಲೆಗಳನ್ನು ಎಣಿಸಿ ಎರಡಕ್ಕೆ ಒಂದರಂತೆ ಹೊಸ ಅಲೆ ಹುಟ್ಟಿಸುತ್ತದೆ. ಇ ತಂತಿಯ ಒಂದೇ ಅಲೆ ಮುಗಿಯಲು ಸುಮಾರು 24 ಮಿಲಿಸೆಕೆಂಡ್ ಬೇಕು, ಬಿ ತಂತಿಗೆ 32. ಅಷ್ಟು ಹೊತ್ತು ಎಣಿಕೆಯೇ ಆಗುವುದಿಲ್ಲ. ಮೇಲಾಗಿ ಬ್ರಿಡ್ಜ್ ಹತ್ತಿರದ ಪಿಕಪ್‌ನಲ್ಲಿ ಎರಡನೇ ಹಾರ್ಮೋನಿಕ್ ಬಲವಾಗಿದ್ದು ಎಣಿಕೆ ತಪ್ಪುತ್ತದೆ. ಇದನ್ನು ಕೈಯಿಂದಲೇ ಬಹುಪಾಲು ಸರಿಮಾಡಬಹುದು: ನೆಕ್ ಪಿಕಪ್ ಆರಿಸಿ, ಟೋನ್ ನಾಬ್ ಇಳಿಸಿ, ಒಂದು ಸಲಕ್ಕೆ ಒಂದೇ ಸ್ವರ ನುಡಿಸಿ, ಉಳಿದ ತಂತಿಗಳನ್ನು ಬೆರಳಿನಿಂದ ಮುಚ್ಚಿ. ಪೆಡಲ್ ಸಾಲಿನಲ್ಲಿ ಆಕ್ಟೇವ್ ಮೊದಲಿರಲಿ; ಒಡೆದ ಧ್ವನಿಯನ್ನು ಅದಕ್ಕೆ ಎಣಿಸಲಾಗದು.

ಕಂಪ್ರೆಸರ್: ಕೇಳದಿರುವುದೇ ಅದರ ಕೆಲಸ

ಕಂಪ್ರೆಸರ್ ಕೊಂಡವರ ನಿರಾಸೆ ಎರಡು ಬಗೆ. ಕೆಲವರಿಗೆ ಏನೂ ಆದಂತೆ ಕೇಳುವುದಿಲ್ಲ. ಇನ್ನು ಕೆಲವರಿಗೆ ಬೆರಳಿನ ಜೀವವೇ ಹೋದಂತೆ ಕೇಳುತ್ತದೆ.

ಒಂದು ಮಟ್ಟ ಗೊತ್ತುಮಾಡಿ, ಅದನ್ನು ಮೀರಿದ ಸದ್ದನ್ನು ಒಂದು ಅನುಪಾತದಲ್ಲಿ ತಗ್ಗಿಸುವುದು ಕಂಪ್ರೆಸರ್‌ನ ಕೆಲಸ. ಅನುಪಾತ 4:1 ಎಂದರೆ, ಆ ಮಟ್ಟಕ್ಕಿಂತ 4 ಡೆಸಿಬೆಲ್ ಮೇಲೆ ಹೋದ ಸದ್ದು 1 ಡೆಸಿಬೆಲ್ ಮಾತ್ರ ಮೇಲೆ ಉಳಿಯುತ್ತದೆ. ಸರಿಯಾಗಿ ಹೊಂದಿಸಿದ ಕಂಪ್ರೆಸರ್ ಒಬ್ಬರೇ ನುಡಿಸುವಾಗ ಕಿವಿಗೆ ಬೀಳುವುದೇ ಕಷ್ಟ. ಬ್ಯಾಂಡಿನಲ್ಲಿ ಮಾತ್ರ ಪ್ರತಿ ಸ್ವರವೂ ಸಮನಾಗಿ ಮುಂದೆ ಬಂದು ನಿಲ್ಲುತ್ತದೆ. ಮೋಡಿಯ ಸದ್ದು ಬೇಕೆಂದು ಕೊಂಡವರಿಗೆ ಇದು ನೀರಸ, ಪ್ರತಿ ವಾರ ವೇದಿಕೆ ಹತ್ತುವವರಿಗೆ ಇದು ಉಪಯುಕ್ತ.

ಬೆರಳಿನ ಏಟು ಸತ್ತಿದ್ದರೆ ಅಟ್ಯಾಕ್ ಸಮಯ ತೀರಾ ಚಿಕ್ಕದಿರುತ್ತದೆ. ತಂತಿಗೆ ಬೆರಳು ತಾಗಿದ ಮೊದಲ ಕೆಲವು ಮಿಲಿಸೆಕೆಂಡಿನಲ್ಲಿಯೇ ಆ ಏಟು ಮುಗಿಯುತ್ತದೆ. ಅದನ್ನು ದಾಟಲು ಬಿಟ್ಟು ಆಮೇಲೆ ಹಿಡಿಯುವಂತೆ ಅಟ್ಯಾಕ್ ನಿಧಾನಿಸಬೇಕು. ರಿಲೀಸ್ ತೀರಾ ವೇಗವಾಗಿದ್ದರೆ, 24 ಮಿಲಿಸೆಕೆಂಡಿನ ಒಂದೊಂದು ಅಲೆಯನ್ನೂ ಹಿಂಬಾಲಿಸಿ ಏರಿಳಿಸುತ್ತಾ ಮಂದ್ರವನ್ನು ಒರಟಾಗಿಸುತ್ತದೆ. ಹೀಗಾಗಿ ಒಂದೆರಡು ನಾಬ್ ಮಾತ್ರ ಇರುವ ಗಿಟಾರ್ ಕಂಪ್ರೆಸರ್‌ಗಿಂತ, ಅಟ್ಯಾಕ್ ಮತ್ತು ರಿಲೀಸ್ ಎರಡನ್ನೂ ಕೈಗೆ ಕೊಡುವುದು ಬೇಸ್‌ಗೆ ಮೇಲು. ಎಂಎಕ್ಸ್‌ಆರ್ ಎಂ87ರಂತೆ ಎಷ್ಟು ತಗ್ಗಿಸಲಾಗುತ್ತಿದೆ ಎಂದು ಎಲ್‌ಇಡಿ ದೀಪಗಳಲ್ಲಿ ತೋರಿಸುವ ಪೆಡಲ್ ಆದರೆ, ಕಿವಿ ಪಳಗುವ ತನಕ ಕಣ್ಣಿನ ಸಹಾಯವೂ ಸಿಗುತ್ತದೆ.

ಫಿಲ್ಟರ್, ಕೋರಸ್, ಡಿಲೇ

ಮೀಟಿದ ಬಲಕ್ಕೆ ತಕ್ಕಂತೆ ‘ವಾವ್’ ಎಂದು ತೆರೆಯುವ ಎನ್ವಲಪ್ ಫಿಲ್ಟರ್‌ಗೆ ಮಾದರಿ ಹಾಕಿಕೊಟ್ಟದ್ದು 1972ರ ಮ್ಯೂ-ಟ್ರಾನ್ III. ಬೂಟ್ಸಿ ಕಾಲಿನ್ಸ್ ಅವರ ಫಂಕ್ ಬೇಸ್‌ನ ಗುರುತೇ ಆ ಧ್ವನಿ. ಅದರಲ್ಲಿ ಲೋ-ಪಾಸ್, ಬ್ಯಾಂಡ್-ಪಾಸ್, ಹೈ-ಪಾಸ್ ಎಂಬ ಮೂರು ಬಗೆಗಳಿದ್ದವು. ಇಂದಿನ ಫಿಲ್ಟರ್ ಕೊಳ್ಳುವಾಗಲೂ ಲೋ-ಪಾಸ್ ಇದೆಯೇ ಎಂದು ನೋಡಿ, ತಳವನ್ನು ಉಳಿಸುವುದು ಅದೊಂದೇ. ಫಿಲ್ಟರ್ ತೆರೆಯುವುದು ನಿಮ್ಮ ಬೆರಳಿನ ಏರಿಳಿತದಿಂದ. ಅದರ ಮುಂದೆ ಕಂಪ್ರೆಸರ್ ಇಟ್ಟರೆ ಆ ಏರಿಳಿತವೇ ಸಿಗದೆ ಪೆಡಲ್ ಮಂಕಾಗುತ್ತದೆ. ಎಷ್ಟೋ ಫಿಲ್ಟರ್‌ಗಳು ಈ ಒಂದೇ ಕಾರಣಕ್ಕೆ ‘ಕೆಲಸ ಮಾಡುತ್ತಿಲ್ಲ’ ಎನಿಸಿಕೊಂಡಿವೆ.

ಕೋರಸ್ ಧ್ವನಿಯ ಒಂದು ಪ್ರತಿಯನ್ನು ತುಸು ತಡವಾಗಿ, ಶ್ರುತಿಯನ್ನು ತೂಗಾಡಿಸುತ್ತಾ ಮೂಲಕ್ಕೆ ಸೇರಿಸುತ್ತದೆ. ಮೇಲಿನ ಸ್ವರಗಳಿಗೆ ಇದು ಮಿನುಗು ಕೊಡುತ್ತದೆ, ಮಂದ್ರದಲ್ಲಿ ಇಡೀ ಬ್ಯಾಂಡಿನ ಶ್ರುತಿಯೇ ಅಲುಗಾಡಿದಂತೆ ಕೇಳುತ್ತದೆ. ಬಾಸ್ ಸಿಇಬಿ-3ರಲ್ಲಿರುವ ಲೋ ಫಿಲ್ಟರ್ ನಾಬ್, ಕೆಳಗಿನ ಧ್ವನಿಯನ್ನು ಈ ತೂಗಾಟದಿಂದ ಹೊರಗಿಡುವುದಕ್ಕೆಂದೇ ಇದೆ. ಡಿಲೇ, ರಿವರ್ಬ್‌ಗಳಿಗೂ ಇದೇ ಮಾತು: ಮರುಧ್ವನಿಯಲ್ಲಿ ಕೆಳಭಾಗವನ್ನು ಕತ್ತರಿಸುವ ಸೌಲಭ್ಯ ಇಲ್ಲದಿದ್ದರೆ ಸ್ವರದ ಮೇಲೆ ಸ್ವರ ಬಿದ್ದು ರಾಡಿಯಾಗುತ್ತದೆ.

ಎಲ್ಲಿ ಕೇಳಿದಿರಿ?

ವಿಡಿಯೊ ನೋಡಿದ್ದು ಫೋನಿನಲ್ಲಾದರೆ, ಆ ಪುಟ್ಟ ಸ್ಪೀಕರ್ 41 ಹರ್ಟ್ಸ್ ಅನ್ನು ಹೊರಡಿಸಿರುವುದೇ ಇಲ್ಲ. ಹಾರ್ಮೋನಿಕ್ಸ್ ಕೇಳಿ ಮೂಲಸ್ವರ ಇದೆ ಎಂದು ಮೆದುಳು ತಾನೇ ತುಂಬಿಕೊಂಡಿರುತ್ತದೆ. ಹಾಗಾಗಿ ಪೆಡಲ್ ಮಂದ್ರವನ್ನು ಕಳೆಯಿತೇ ಉಳಿಸಿತೇ ಎಂಬ ಒಂದೇ ಮುಖ್ಯ ಸಂಗತಿ ಆ ವಿಡಿಯೊದಿಂದ ತಿಳಿಯುವುದಿಲ್ಲ. ಡೆಮೊಗಳನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ. ಅದರಲ್ಲೂ ಡ್ರಮ್ ಮತ್ತು ಗಿಟಾರ್ ಜೊತೆ ನುಡಿಸಿದ ಭಾಗಕ್ಕೆ ಕಿವಿಗೊಡಿ. ಒಬ್ಬರೇ ನುಡಿಸಿದ ಭಾಗದಿಂದ ನಿರ್ಧಾರ ಮಾಡಬೇಡಿ.

ಮನೆಯ ಕೋಣೆಯೂ ಕಿವಿಗೆ ಮೋಸ ಮಾಡುತ್ತದೆ. ಸದ್ದು ಕಡಿಮೆಯಾದಂತೆ ಕಿವಿಗೆ ಮಂದ್ರವೇ ಹೆಚ್ಚು ಮಂಕಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ರಾತ್ರಿ ಮೆಲ್ಲನೆಯ ಸದ್ದಿನಲ್ಲಿ ತಳವನ್ನೂ ತುದಿಯನ್ನೂ ಏರಿಸಿ, ಮಧ್ಯವನ್ನು ಇಳಿಸಿ ಹೊಂದಿಸಿಕೊಂಡ ಧ್ವನಿ ಅಲ್ಲಿ ಸೊಗಸು. ಬ್ಯಾಂಡಿನಲ್ಲಿ ತಳವನ್ನು ಕಿಕ್ ಡ್ರಮ್ ಮುಚ್ಚುತ್ತದೆ, ತುದಿಯನ್ನು ಸಿಂಬಲ್ ಮುಚ್ಚುತ್ತದೆ. ಬೇಸ್‌ನ ಸ್ವರ ಕೇಳಬೇಕಾದದ್ದು ನಾವು ಇಳಿಸಿದ ಆ ಮಧ್ಯದಿಂದಲೇ.

ಸ್ಪೀಕರ್ ಕೂಡ ಲೆಕ್ಕಕ್ಕೆ ಬರುತ್ತದೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ತಾನೇ ಕೈಬಿಡುತ್ತದೆ, ಫಝ್‌ನ ಕರ್ಕಶ ತುದಿ ಅಲ್ಲಿಯೇ ಸೋಸಿಹೋಗುತ್ತದೆ. ಬೇಸ್ ಕ್ಯಾಬಿನೆಟ್‌ನಲ್ಲಿ ಟ್ವೀಟರ್ ಇದ್ದರೆ, ಅಥವಾ ಡಿಐ ಮೂಲಕ ನೇರವಾಗಿ ಪಿಎಗೆ ಹೋದರೆ, ಆ ತುದಿ ಪೂರ್ತಿಯಾಗಿ ಜೇನುಹುಳದ ಮೊರೆತದಂತೆ ಕೇಳುತ್ತದೆ. ಟ್ವೀಟರ್ ಆಫ್ ಮಾಡಿ, ಇಲ್ಲವೇ ಕ್ಯಾಬಿನೆಟ್ ಸಿಮ್ಯುಲೇಷನ್ ಇರುವ ಡಿಐ ಬಳಸಿ. ಪೆಡಲ್ ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಕರೆಂಟಿನ ಪಾಲು

ನಮ್ಮ ಮನೆಗಳಿಗೆ ಬರುವ ಕರೆಂಟಿನ ಆವರ್ತನ 50 ಹರ್ಟ್ಸ್. ಬೇಸ್‌ನ ಇ ತಂತಿಯ ಮೂರನೇ ಫ್ರೆಟ್‌ನ ಸ್ವರ 49 ಹರ್ಟ್ಸ್. ಅಂದರೆ ಅರ್ಥಿಂಗ್ ಸರಿಯಿಲ್ಲದ ಕಡೆ, ಅಗ್ಗದ ಅಡಾಪ್ಟರ್‌ನಿಂದ ಹುಟ್ಟುವ ಗುಂಯ್‌ಗುಡುವ ಸದ್ದು ಬೇಸ್‌ನ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಅದನ್ನು ಸೋಸಲು ಹೋದರೆ ಸ್ವರವೂ ಹೋಗುತ್ತದೆ. ಒಂದೇ ಅಡಾಪ್ಟರ್‌ನಿಂದ ಸರಪಳಿಯಂತೆ ನಾಲ್ಕೈದು ಪೆಡಲ್‌ಗೆ ಕೊಡುವ ಬದಲು, ಪ್ರತಿ ಪೆಡಲ್‌ಗೂ ಪ್ರತ್ಯೇಕ ದಾರಿ ಇರುವ ಐಸೊಲೇಟೆಡ್ ಪವರ್ ಸಪ್ಲೈ ಬಳಸಿ. ವೋಲ್ಟೇಜ್ ಪೆಡಲ್ ಕೇಳಿದಷ್ಟೇ ಇರಬೇಕು. ಮಿಲಿಆಂಪಿಯರ್ ಕೇಳಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಪ್ಲಗ್‌ನ ಪ್ಲಸ್-ಮೈನಸ್ ದಿಕ್ಕು ಹೊಂದಬೇಕು. ಸರಳ ಅನಲಾಗ್ ಪೆಡಲ್‌ಗೆ ಕೆಲವೇ ಮಿಲಿಆಂಪಿಯರ್ ಸಾಕು, ಡಿಜಿಟಲ್ ಪೆಡಲ್ ನೂರಾರು ಕೇಳಬಹುದು.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ

ಅಂಗಡಿಗೆ ನಿಮ್ಮ ಬೇಸ್ ಅನ್ನೇ ಕೊಂಡೊಯ್ಯಿರಿ. ಬ್ಯಾಟರಿ ಹಾಕುವ ಆ್ಯಕ್ಟಿವ್ ಬೇಸ್‌ಗೂ ಪ್ಯಾಸಿವ್ ಬೇಸ್‌ಗೂ ಒಂದೇ ಪೆಡಲ್ ಬೇರೆ ಬೇರೆಯಾಗಿ ಸ್ಪಂದಿಸುತ್ತದೆ. ಹಳೆಯ ಮಾದರಿಯ ಫಝ್‌ಗಳಲ್ಲಂತೂ ಈ ವ್ಯತ್ಯಾಸ ಬಹಳ. ಗಿಟಾರ್ ಆ್ಯಂಪ್‌ಗೆ ಚುಚ್ಚಿ ತೋರಿಸಿದರೆ ಒಪ್ಪದೆ ಬೇಸ್ ಆ್ಯಂಪ್ ಕೇಳಿ.

ಮೊದಲು ಪೆಡಲ್ ಆಫ್ ಇದ್ದಾಗಿನ ಸದ್ದಿಗೂ ಆನ್ ಇದ್ದಾಗಿನ ಸದ್ದಿಗೂ ಲೆವೆಲ್ ಸರಿಸಮ ಮಾಡಿ. ಜೋರಾದದ್ದು ಯಾವಾಗಲೂ ಚೆನ್ನಾಗಿದೆ ಎಂದೇ ಕಿವಿ ಹೇಳುತ್ತದೆ, ಆ ಪ್ರಭಾವ ಕಳೆದರೆ ಮಾತ್ರ ತೀರ್ಮಾನ ಸಾಧ್ಯ. ಬಿಟ್ಟ ಇ ತಂತಿಯನ್ನು ಉದ್ದಕ್ಕೆ ಹಿಡಿದು ಆನ್-ಆಫ್ ಮಾಡಿ: ನೆಲದ ಕಂಪನ ಹಾಗೇ ಉಳಿಯಿತೇ? ಮೆಲ್ಲಗೆ, ಆಮೇಲೆ ಜೋರಾಗಿ ಮೀಟಿ: ವ್ಯತ್ಯಾಸ ಉಳಿಯಿತೇ? ಬಳಿಕ ಫೋನಿನಿಂದ ಒಂದು ಡ್ರಮ್ ಟ್ರ್ಯಾಕ್ ಹಾಕಿ, ನೀವು ನಿಜವಾಗಿ ನುಡಿಸುವ ಹಾಡಿನ ಸಾಲನ್ನೇ ನುಡಿಸಿ. ಈ ಪೆಡಲ್ ಯಾವ ಹಾಡಿನ ಯಾವ ಭಾಗಕ್ಕೆ ಬೇಕು ಎಂದು ನಿಮಗೇ ಹೇಳಲಾಗದಿದ್ದರೆ ಅಂದು ಕೊಳ್ಳಬೇಡಿ. ನಮ್ಮಲ್ಲಿ ಒಳ್ಳೆಯ ಪೆಡಲ್‌ಗಳು ಹೆಚ್ಚಾಗಿ ಆಮದಾಗಿ ಬರುವಂಥವು, ಬೆಲೆ ಸಣ್ಣದಲ್ಲ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಅವಧಿಯೊಳಗೆ ಒಂದು ಬ್ಯಾಂಡ್ ಪ್ರಾಕ್ಟೀಸ್ ಬರುವಂತೆ ದಿನ ನೋಡಿಕೊಂಡು ಆರ್ಡರ್ ಮಾಡಿ.

ಈಗಾಗಲೇ ಕೊಂಡಿದ್ದರೆ

ಕಪಾಟಿನಲ್ಲಿರುವ ಪೆಡಲ್ ಮಾರುವ ಮುನ್ನ ಅದಕ್ಕೆ ಕ್ಲೀನ್ ದಾರಿಯೊಂದನ್ನು ಕೊಟ್ಟು ನೋಡಿ. ಬಾಸ್ ಎಲ್ಎಸ್-2ರಂಥ ಲೈನ್ ಸೆಲೆಕ್ಟರ್ ಸಿಗ್ನಲ್ ಅನ್ನು ಎರಡಾಗಿ ಸೀಳಿ ಮತ್ತೆ ಬೆರೆಸುತ್ತದೆ. ಒಂದು ದಾರಿಯಲ್ಲಿ ಗಿಟಾರ್ ಫಝ್ ಇರಲಿ, ಇನ್ನೊಂದು ಖಾಲಿ ಇರಲಿ. ಮಂದ್ರ ಖಾಲಿ ದಾರಿಯಿಂದ ಬಂದು, ಫಝ್ ಅದರ ಮೇಲೆ ಕೂರುತ್ತದೆ. ಇಂಥ ಒಂದು ಬ್ಲೆಂಡರ್ ಇದ್ದರೆ ಗೆಳೆಯರ ಗಿಟಾರ್ ಪೆಡಲ್‌ಗಳೆಲ್ಲ ನಿಮ್ಮ ಬೇಸ್‌ಗೂ ಒದಗುತ್ತವೆ. ಹೀಗಾಗಿ ಮೊದಲ ಬಾರಿ ದುಡ್ಡು ಹಾಕುವವರು ಟ್ಯೂನರ್ ಮತ್ತು ಒಳ್ಳೆಯ ಪವರ್ ಸಪ್ಲೈ ಆದ ಮೇಲೆ ಬ್ಲೆಂಡ್ ಇರುವ ಪ್ರಿಆ್ಯಂಪ್ ಅಥವಾ ಬ್ಲೆಂಡರ್ ಕೊಂಡರೆ, ಮುಂದಿನ ಯಾವ ಖರೀದಿಯೂ ಪೂರ್ತಿ ವ್ಯರ್ಥವಾಗುವುದಿಲ್ಲ.

ಎಲ್ಲ ಮಾಡಿ ನೋಡಿದ ಮೇಲೂ ಆ ಪೆಡಲ್ ನಿಮ್ಮ ಹಾಡಿಗೆ ಬೇಡವೆನಿಸಿದರೆ ಸಂಕೋಚಪಡದೆ ಮಾರಿಬಿಡಿ. ಕೊಳ್ಳುವವರು ಗಿಟಾರ್ ವಾದಕರಾದರೆ ಅದು ಅವರ ಕೈಯಲ್ಲಿ ಚೆನ್ನಾಗಿ ಬಾಳಬಹುದು. ಬೇಸ್ ವಾದಕರೇ ಕೊಳ್ಳಲು ಬಂದರೆ, ಅದು ಎಷ್ಟು ಮಂದ್ರವನ್ನು ಕಳೆಯುತ್ತದೆ ಎಂಬುದನ್ನು ಮೊದಲೇ ಹೇಳಿ, ಬ್ಲೆಂಡರ್ ಜೊತೆ ನುಡಿಸಿ ತೋರಿಸಿ ಕೊಡಿ.